ವಸ್ತುವಿಲ್ಲದ ಚಿತ್ರದೊಳಗಿನ ವಸ್ತು

ಕನ್ನಡದಲ್ಲಿ 'ವಸ್ತು' ಎಂಬ ಪದ ಎರಡು ಕೆಲಸ ಮಾಡುತ್ತದೆ. ಕೈಯಲ್ಲಿ ಹಿಡಿದು ತೂಗಬಹುದಾದ ಪದಾರ್ಥವೂ ವಸ್ತು. ಕಾವ್ಯದ ವಸ್ತು, ನಾಟಕದ ವಸ್ತು ಎನ್ನುವಾಗ ನಾವು ಸೂಚಿಸುವ ವಿಷಯವೂ ವಸ್ತುವೇ. ಅಮೂರ್ತ ಕಲೆಯನ್ನು ಕುರಿತು ಮಾತನಾಡಲು ನಮ್ಮ ಭಾಷೆ ಕೊಟ್ಟಿರುವ ಈ ಅನುಕೂಲವನ್ನು ನಾನು ಇವತ್ತಿನ ಉಪನ್ಯಾಸದ ಉದ್ದಕ್ಕೂ ಬಳಸಿಕೊಳ್ಳುತ್ತೇನೆ. ಅಮೂರ್ತ ಚಿತ್ರಕಾರರು ಕಳೆದ ಶತಮಾನದ ಆರಂಭದಲ್ಲಿ ಚಿತ್ರದಿಂದ ಎರಡನೆಯ ಅರ್ಥದ ವಸ್ತುವನ್ನು, ಅಂದರೆ ಮರ, ಮುಖ, ಮನೆ, ಪುರಾಣಕಥೆ ಇವೆಲ್ಲವನ್ನೂ ಹೊರಗೆ ಕಳುಹಿಸಿದರು. ತೆರವಾದ ಆ ಜಾಗಕ್ಕೆ ಕಾಲಕ್ರಮೇಣ ಮೊದಲನೆಯ ಅರ್ಥದ ವಸ್ತು ಬಂದು ಕುಳಿತಿತು: ಗೋಣಿಚೀಲ, ಬಾಟಲಿಯ ಮುಚ್ಚಳ, ಕೂದಲು, ರಬ್ಬರಿನ ಹಾಲು, ಹೂವಿನ ಪರಾಗ. ವಿಷಯವನ್ನು ಕಳೆದುಕೊಂಡ ಚಿತ್ರಕ್ಕೆ ಪದಾರ್ಥವೇ ವಿಷಯವಾದದ್ದು ಹೇಗೆ ಎಂಬುದು ನನ್ನ ಪ್ರಶ್ನೆ.

ಇತಿಹಾಸವನ್ನು ಬೇಗ ದಾಟಿಬಿಡುತ್ತೇನೆ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯನ್ನು ಮುದ್ರಿಸಿದ ಮೇಣಬಟ್ಟೆಯ ತುಂಡೊಂದನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತಲೂ ಹಗ್ಗದ ಚೌಕಟ್ಟು ಕೊಟ್ಟಾಗ ಬಾಗಿಲು ತೆರೆಯಿತು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಚಿತ್ರದಲ್ಲಿ ಇನ್ನೂ ಮೇಜು, ಗಾಜಿನ ಲೋಟಗಳ ಜಗತ್ತು ಇದೆ. ಅದು ಪೂರ್ಣ ಅಮೂರ್ತವಲ್ಲ. 1947ರಲ್ಲಿ ಜಾಕ್ಸನ್ ಪೊಲಾಕ್ ತಮ್ಮ 'ಫುಲ್ ಫ್ಯಾದಮ್ ಫೈವ್' ಚಿತ್ರದ ದಪ್ಪ ಬಣ್ಣದೊಳಗೆ ಮೊಳೆ, ಗುಂಡಿ, ನಾಣ್ಯ, ಕೀಲಿಕೈ, ಸಿಗರೇಟುಗಳನ್ನು ಹೂತರು. ಆದರೆ ಅವು ಬಣ್ಣದ ಅಡಿಯಲ್ಲಿ ಮುಳುಗಿದ ಗುಟ್ಟುಗಳಾಗಿಯೇ ಉಳಿದವು. 1955ರಲ್ಲಿ ಜಪಾನಿನ ಗುಟಾಯ್ ಎಂಬ ಕಲಾವಿದರ ಗುಂಪಿನ ಕಜುವೊ ಶಿರಾಗ ಕೆಸರಿನ ರಾಶಿಯಲ್ಲಿ ಮೈಯೊಡ್ಡಿ ಹೊರಳಾಡಿ, ಆ ಸೆಣಸಾಟದ ಗುರುತುಗಳನ್ನೇ ಕೃತಿಯೆಂದರು. ಪದಾರ್ಥ ಕಲಾವಿದನ ಅಡಿಯಾಳಲ್ಲ, ಎದುರಾಳಿ ಎಂಬ ಅರಿವು ಅಲ್ಲಿ ಸ್ಪಷ್ಟವಾಗಿ ಮೂಡಿತು.

ನಾನು ನಿಧಾನಿಸಬೇಕೆಂದಿರುವುದು ಇಟಲಿಯ ಆಲ್ಬೆರ್ತೊ ಬುರ್ರಿ ಅವರ ಬಳಿ, ಏಕೆಂದರೆ ಇಂದಿನ ಕಲಾವಿದರು ಎದುರಿಸುವ ಬಹುತೇಕ ಪ್ರಶ್ನೆಗಳನ್ನು ಅವರು ಆಗಲೇ ಎದುರಿಸಿದ್ದರು. 1915ರಲ್ಲಿ ಹುಟ್ಟಿದ ಬುರ್ರಿ ವೈದ್ಯರು. ಎರಡನೆಯ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು, 1943ರಲ್ಲಿ ಟ್ಯುನೀಶಿಯಾದಲ್ಲಿ ಸೆರೆಸಿಕ್ಕು, ಅಮೆರಿಕದ ಟೆಕ್ಸಸ್ ರಾಜ್ಯದ ಹಿಯರ್‌ಫರ್ಡ್ ಎಂಬಲ್ಲಿನ ಯುದ್ಧಕೈದಿಗಳ ಶಿಬಿರ ಸೇರಿದರು. ಚಿತ್ರ ಬಿಡಿಸಲು ತೊಡಗಿದ್ದು ಅಲ್ಲಿಯೇ. ಊರಿಗೆ ಮರಳಿದ ಮೇಲೆ ವೈದ್ಯವೃತ್ತಿಗೆ ಹೋಗಲಿಲ್ಲ. 1950ರ ಹೊತ್ತಿಗೆ ಅವರು ಹರಿದ, ತೇಪೆ ಹಾಕಿದ, ಅಲ್ಲಲ್ಲಿ ಮುದ್ರೆಯ ಅಕ್ಷರಗಳು ಉಳಿದಿದ್ದ ಗೋಣಿಚೀಲಗಳನ್ನು ಕ್ಯಾನ್ವಾಸಿನ ಮೇಲೆ ಹೊಲಿದು ಜೋಡಿಸತೊಡಗಿದರು. ಹರುಕಿನ ಒಳಗಿಂದ ಕೆಂಪು ಬಣ್ಣ ಇಣುಕುವ ಆ ಕೃತಿಗಳನ್ನು ಕಂಡವರೆಲ್ಲ ಗಾಯ, ಪಟ್ಟಿ, ಶಸ್ತ್ರಚಿಕಿತ್ಸೆಯ ಹೊಲಿಗೆ ಎಂದು ಓದಿದರು. ಬುರ್ರಿ ಮಾತ್ರ ಈ ಓದನ್ನು ಒಪ್ಪಲಿಲ್ಲ. ತಮ್ಮ ಕೃತಿಯಲ್ಲಿ ಇರುವುದು ರೂಪ, ಸ್ಥಳಾವಕಾಶ ಮತ್ತು ಸಮತೋಲನ ಮಾತ್ರ ಎಂಬ ನಿಲುವಿಗೆ ಅವರು ಕೊನೆಯವರೆಗೂ ಅಂಟಿಕೊಂಡರು.

ಯಾರ ಮಾತು ಸರಿ? ಇಬ್ಬರದೂ ಸರಿ ಎಂದು ನನಗೆ ಅನ್ನಿಸುತ್ತದೆ, ಮತ್ತು ಆ ಎರಡು ಸರಿಗಳ ನಡುವಿನ ಎಳೆದಾಟದಲ್ಲಿಯೇ ಈ ಬಗೆಯ ಕಲೆಯ ಜೀವ ಇದೆ. ಗೋಣಿ ಎಂಬುದು ಹೊತ್ತ ಬೆನ್ನಿನ, ತುಂಬಿದ ಧಾನ್ಯದ, ಹಸಿವಿನ ನೆನಪನ್ನು ಹೊತ್ತು ಬಂದೇ ಬರುತ್ತದೆ. ಅದನ್ನು ತಡೆಯಲು ಕಲಾವಿದನಿಂದಲೂ ಆಗದು. ಆದರೆ ಆ ನೆನಪಷ್ಟೇ ಸಾಕಾಗಿದ್ದರೆ ಗೋಡೆಗೆ ಒಂದು ಚೀಲವನ್ನು ಮೊಳೆ ಹೊಡೆದು ತೂಗುಹಾಕಿದರೂ ಆಗುತ್ತಿತ್ತು. ಬುರ್ರಿ ಒರಟು ನೂಲಿನ ಪಕ್ಕದಲ್ಲಿ ನಯನೂಲನ್ನು, ಬಿಗಿದ ಭಾಗದ ಪಕ್ಕದಲ್ಲಿ ಸಡಿಲ ಭಾಗವನ್ನು ಎಷ್ಟು ನಿಷ್ಠುರ ಎಚ್ಚರದಿಂದ ಇಡುತ್ತಾರೆಂದರೆ, ಒಂದು ತೇಪೆಯನ್ನು ನಾಲ್ಕು ಬೆರಳು ಆಚೆ ಸರಿಸಿದರೂ ಇಡೀ ಚಿತ್ರ ವಾಲುತ್ತದೆ.

ಅವರ 'ಕ್ರೆತ್ತಿ', ಅಂದರೆ ಬಿರುಕುಗಳು ಎಂಬ ಸರಣಿ 1970ರ ದಶಕದ್ದು. ಬಿಳಿಯ ಕಯೊಲಿನ್ ಜೇಡಿಮಣ್ಣು, ಅಂಟು, ಬಣ್ಣದ ಪುಡಿ ಇವುಗಳನ್ನು ಕಲಸಿ ಹಲಗೆಯ ಮೇಲೆ ಬಳಿದು ಒಣಗಲು ಬಿಡುತ್ತಿದ್ದರು. ನೀರು ಆರಿದಂತೆ ಪದರ ಕುಗ್ಗುತ್ತದೆ. ಕೆಳಗಿನ ಹಲಗೆ ಕುಗ್ಗುವುದಿಲ್ಲ. ಆ ಬಿಗಿತಕ್ಕೆ ಮೇಲ್ಮೈ ಒಡೆಯುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳ ಬಿರಿಯುವುದೂ ಇದೇ ನಿಯಮದಿಂದ. ಪದರ ದಪ್ಪವಾದಷ್ಟೂ ಬಿರುಕು ಅಗಲ, ತೆಳುವಾದಷ್ಟೂ ಸೂಕ್ಷ್ಮ. ಹೀಗೆ ದಪ್ಪವನ್ನು ನಿಯಂತ್ರಿಸಿ ಬಿರುಕಿನ ಜಾಡನ್ನು ಸ್ಥೂಲವಾಗಿ ನಿರ್ದೇಶಿಸಬಹುದು. ಒಂದೊಂದು ಗೆರೆಯನ್ನೂ ಎಳೆಯುವ ಅಧಿಕಾರ ಮಾತ್ರ ಮಣ್ಣಿನದೇ. ಕಡೆಗೆ ಅವರು ಈ ಭಾಷೆಯನ್ನು ಒಂದು ಊರಿನ ಅಳತೆಗೆ ಹಿಗ್ಗಿಸಿದರು. 1968ರ ಜನವರಿಯ ಭೂಕಂಪದಲ್ಲಿ ಸಿಸಿಲಿಯ ಜಿಬೆಲ್ಲೀನ ಪಟ್ಟಣ ನೆಲಸಮವಾಗಿ, ಬದುಕುಳಿದವರು ಬೇರೆಡೆ ಹೊಸ ಪಟ್ಟಣ ಕಟ್ಟಿಕೊಂಡಿದ್ದರು. ಹಳೆಯ ಊರಿನ ಅವಶೇಷಗಳ ಮೇಲೆಯೇ 1984ರಿಂದ 1989ರವರೆಗೆ ಬಿಳಿಯ ಕಾಂಕ್ರೀಟನ್ನು ಹೊದಿಸಲಾಯಿತು. ನಡೆಯಲು ಬಿಟ್ಟ ಸೀಳುಗಳು ಬಹುಮಟ್ಟಿಗೆ ಹಳೆಯ ಬೀದಿಗಳ ಜಾಡನ್ನೇ ಅನುಸರಿಸುತ್ತವೆ. ಬುರ್ರಿ 1995ರಲ್ಲಿ ತೀರಿಕೊಂಡರು, ಕೆಲಸ ಪೂರ್ಣಗೊಂಡದ್ದು 2015ರಲ್ಲಿ. ಹಲಗೆಯ ಮೇಲೆ ಕೇವಲ ರೂಪವಾಗಿದ್ದ ಬಿರುಕು ಇಲ್ಲಿ ಭೂಮಿ ಬಿರಿದ ಸ್ಥಳಕ್ಕೇ ಹೋಗಿ ಮಲಗಿದೆ. ಅರ್ಥವನ್ನು ಅಷ್ಟು ದೂರವಿಟ್ಟ ಕಲಾವಿದನ ಕೈಯಿಂದಲೇ ಇಂಥ ಕೃತಿ ಬಂದದ್ದು ನನ್ನನ್ನು ಪ್ರತಿಸಲವೂ ಕಲಕುತ್ತದೆ.

ಇಲ್ಲಿಂದ ಒಂದು ಪರೀಕ್ಷೆಯನ್ನು ನಿಮ್ಮ ಮುಂದಿಡಬಯಸುತ್ತೇನೆ. ಅಪರೂಪದ ಸಾಮಗ್ರಿಯಿಂದ ಮಾಡಿದ ಯಾವುದೇ ಅಮೂರ್ತ ಕೃತಿಯ ಮುಂದೆ ನಿಂತಾಗ, ಮನಸ್ಸಿನಲ್ಲಿಯೇ ಆ ಸಾಮಗ್ರಿಯನ್ನು ತೆಗೆದು ಬೇರೊಂದನ್ನು ಇಟ್ಟು ನೋಡಿ. ಕೃತಿಗೆ ಏನೂ ಆಗದಿದ್ದರೆ ಆ ಸಾಮಗ್ರಿ ಅಲಂಕಾರ ಮಾತ್ರ. ಕೃತಿ ಕುಸಿದು ಬಿದ್ದರೆ, ಅಥವಾ ಪೂರ್ತಿ ಬೇರೆಯದೇ ಆದರೆ, ಅಲ್ಲಿ ವಸ್ತು ನಿಜವಾಗಿಯೂ ಕೆಲಸ ಮಾಡುತ್ತಿದೆ ಎಂದರ್ಥ.

ಘಾನಾದಲ್ಲಿ 1944ರಲ್ಲಿ ಹುಟ್ಟಿ, 1975ರಿಂದ ದಶಕಗಳ ಕಾಲ ಎನ್ಸುಕ್ಕಾದ ನೈಜೀರಿಯಾ ವಿಶ್ವವಿದ್ಯಾಲಯದಲ್ಲಿ ಶಿಲ್ಪ ಕಲಿಸಿದ ಎಲ್ ಅನಾಟ್ಸುಯಿ ಅವರ ಕೃತಿಗಳಿಗೆ ಈ ಪರೀಕ್ಷೆಯನ್ನು ಒಡ್ಡೋಣ. 1990ರ ದಶಕದ ಕೊನೆಯಲ್ಲಿ ಅವರಿಗೆ ಮದ್ಯದ ಬಾಟಲಿಗಳ ಅಲ್ಯೂಮಿನಿಯಂ ಮುಚ್ಚಳಗಳು ತುಂಬಿದ ಚೀಲವೊಂದು ಸಿಕ್ಕಿತು. ಅದಕ್ಕೂ ಮೊದಲು ಅವರು ಮರ, ಒಡೆದ ಮಡಕೆ, ಹಾಲಿನ ಡಬ್ಬಿಯ ಮುಚ್ಚಳ, ಕಸಾವ ಗೆಡ್ಡೆ ತುರಿಯುವ ತಗಡು ಇವುಗಳೊಡನೆ ವರ್ಷಗಟ್ಟಲೆ ಕೆಲಸ ಮಾಡಿದ್ದರು; ಆದ್ದರಿಂದ ಆ ಚೀಲ ಸಿಕ್ಕಿದ್ದನ್ನು ಅದೃಷ್ಟ ಎನ್ನಲಾರೆ, ಅದಕ್ಕಾಗಿ ಸಿದ್ಧವಾಗಿದ್ದ ಕಣ್ಣಿಗೆ ಅದು ಕಂಡಿತು. ಮುಚ್ಚಳವನ್ನು ಚಪ್ಪಟೆ ಮಾಡುವುದು, ಮಡಿಚುವುದು, ಹೊಸೆಯುವುದು, ಬಾಟಲಿಯ ಕತ್ತಿನ ಪಟ್ಟಿಯನ್ನು ಬಳೆಯಂತೆ ಬಾಗಿಸುವುದು, ಅಂಚಿನಲ್ಲಿ ತೂತು ಕೊರೆದು ತಾಮ್ರದ ತಂತಿಯಿಂದ ಒಂದಕ್ಕೊಂದು ಹೆಣೆಯುವುದು, ಹೀಗೆ ಅನೇಕ ಸಹಾಯಕರು ಕುಳಿತು ಸಾವಿರಾರು ತುಣುಕುಗಳಿಂದ ಒಂದೊಂದು ಹಾಸನ್ನು ಕಟ್ಟುತ್ತಾರೆ. ಬಣ್ಣ ಬಳಿಯುವ ಮಾತೇ ಇಲ್ಲ. ಮದ್ಯದ ಕಂಪನಿಗಳು ಮುಚ್ಚಳಕ್ಕೆ ಕೊಟ್ಟ ಕೆಂಪು, ಹಳದಿ, ಬೆಳ್ಳಿ, ಕಪ್ಪುಗಳೇ ಅವರ ವರ್ಣಫಲಕ.

ದೂರದಿಂದ ಅದು ಗೋಡೆಯ ಮೇಲೆ ಹೊದಿಸಿದ ಬಂಗಾರದ ಜರತಾರಿಯಂತೆ, ಘಾನಾದ ಕೆಂಟೆ ನೇಯ್ಗೆಯಂತೆ ಕಾಣುತ್ತದೆ. ಹತ್ತಿರ ಹೋದಂತೆ ನೇಯ್ಗೆ ಕರಗಿ ಲೋಹವಾಗುತ್ತದೆ, ಇನ್ನೂ ಹತ್ತಿರ ಹೋದರೆ ಮುಚ್ಚಳದ ಮೇಲಿನ ಅಕ್ಷರಗಳು ಓದಲು ಸಿಗುತ್ತವೆ. ಐರೋಪ್ಯ ವ್ಯಾಪಾರಿಗಳು ಆಫ್ರಿಕದ ಕರಾವಳಿಗೆ ತಂದ ಸರಕುಗಳಲ್ಲಿ ಮದ್ಯ ಒಂದು. ಗುಲಾಮರಾಗಿ ಸಾಗಿಸಲ್ಪಟ್ಟ ಜನ ಬೆಳೆದ ಕಬ್ಬಿನಿಂದ ರಮ್ ತಯಾರಾಯಿತು. ಆ ಚರಿತ್ರೆಯ ಚಿತ್ರವೊಂದನ್ನೂ ಬಿಡಿಸದೆ ಅನಾಟ್ಸುಯಿ ಅದನ್ನು ಕೋಣೆಯೊಳಗೆ ತರುತ್ತಾರೆ. ಆದರೆ ನನ್ನ ಪರೀಕ್ಷೆಯಲ್ಲಿ ಇದಕ್ಕಿಂತಲೂ ಮುಖ್ಯವಾದದ್ದು ಆ ತಂತಿಯ ಹೆಣಿಗೆ. ತಗಡು ಗಡುಸು, ಹೆಣಿಗೆ ಸಡಿಲ. ಎರಡೂ ಸೇರಿದಾಗ ಬಟ್ಟೆಯಂತೆ ಬಳುಕುವ ಲೋಹವೊಂದು ಹುಟ್ಟುತ್ತದೆ. ಇಂಥ ಹಾಸೊಂದಕ್ಕೆ ಸ್ಥಿರ ಆಕಾರವಿಲ್ಲ. ಅದನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ, ತೂಗುಹಾಕುವವರು ಪ್ರತಿ ಸಲವೂ ಬೇರೆ ಬೇರೆ ನೆರಿಗೆ ಹಾಕಬಹುದು. ಆ ಸ್ವಾತಂತ್ರ್ಯವನ್ನು ಕಲಾವಿದರೇ ಕೊಟ್ಟಿದ್ದಾರೆ. ಇದನ್ನೇ ಬಣ್ಣದ ಕ್ಯಾನ್ವಾಸಿನಲ್ಲಿ ಮಾಡಿದ್ದರೆ ಹೊಳಪೂ ಇರುತ್ತಿರಲಿಲ್ಲ, ಭಾರವೂ ಇರುತ್ತಿರಲಿಲ್ಲ, ಈ ಅಸ್ಥಿರತೆಯೂ ಇರುತ್ತಿರಲಿಲ್ಲ. 2015ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾಪ್ರದರ್ಶನದ ಜೀವಮಾನ ಸಾಧನೆಯ ಪ್ರಶಸ್ತಿ, ಗೋಲ್ಡನ್ ಲಯನ್, ಅವರಿಗೆ ಸಂದಿತು. 2023ರಲ್ಲಿ ಲಂಡನ್ನಿನ ಕಲಾ ಸಂಗ್ರಹಾಲಯ ಟೇಟ್ ಮಾಡರ್ನ್‌ನ ಬೃಹತ್ ಟರ್ಬೈನ್ ಹಾಲ್ ಅವರ ಹಾಸುಗಳಿಂದ ತುಂಬಿತು.

ಬೆಂಗಳೂರಿನ ಕಲಾವಿದೆ ಶೀಲಾ ಗೌಡ ಅವರ 1998ರ 'ಅಂಡ್ ಟೆಲ್ ಹಿಮ್ ಆಫ್ ಮೈ ಪೇನ್' ನನ್ನ ದೃಷ್ಟಿಯಲ್ಲಿ ಈ ಕಾಲದ ಅತ್ಯಂತ ತೀಕ್ಷ್ಣವಾದ ಅಮೂರ್ತ ರೇಖೆಗಳಲ್ಲಿ ಒಂದು. ರೇಖೆ ಎಂದು ಬೇಕೆಂದೇ ಹೇಳುತ್ತಿದ್ದೇನೆ. ಬಹಳ ಉದ್ದದ ದಾರವನ್ನು ಸೂಜಿಯ ಕಣ್ಣಿನಲ್ಲಿ ಪೂರ್ತಿಯಾಗಿ ಹಾಯಿಸಿ, ಇಮ್ಮಡಿಸಿ, ಅಂಥ ಅನೇಕ ದಾರಗಳನ್ನು ಒಟ್ಟುಗೂಡಿಸಿ, ಕುಂಕುಮ ಮತ್ತು ಅಂಟಿನಿಂದ ತೊಯ್ಸಿ ಹುರಿಯಾಗಿಸಿದ ಕೆಂಪು ಹಗ್ಗ ಗೋಡೆಯಿಂದ ಇಳಿದು, ನೆಲದಲ್ಲಿ ಸುತ್ತಿ, ಮತ್ತೆ ಏರುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಕಾಗದದ ಮೇಲೆ ಶಾಯಿಯ ಗೆರೆ ಎಳೆಯಲು ಕ್ಷಣ ಸಾಕು; ಈ ಗೆರೆಯನ್ನು ಎಳೆಯಲು ಬೆರಳುಗಳು ದಿನಗಟ್ಟಲೆ ದಾರವನ್ನು ಎಳೆಯಬೇಕು. ಆ ಎಳೆದ ಕಾಲ ಗೆರೆಯೊಳಗೆ ಉಳಿದುಕೊಂಡಿದೆ. ಹೊಲಿಗೆಯ ಸೂಜಿಯೂ ಕುಂಕುಮವೂ ಯಾರ ಬದುಕಿನವು ಎಂದು ನಾನು ವಿವರಿಸಬೇಕಾಗಿಲ್ಲ. 1990ರ ದಶಕದ ಆರಂಭದಲ್ಲಿ ಅವರು ಎಣ್ಣೆಬಣ್ಣವನ್ನು ಬಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. 2009ರಲ್ಲಿ ವೆನಿಸ್‌ನಲ್ಲಿ ತೋರಿಸಿದ 'ಬಿಹೋಲ್ಡ್'ನಲ್ಲಿ ಮುಡಿ ಕೊಟ್ಟ ಕೂದಲಿನಿಂದ ಹೊಸೆದ ಹಗ್ಗಗಳ ರಾಶಿ ಹೊಳೆಯುವ ಕಾರಿನ ಬಂಪರುಗಳನ್ನು ಎತ್ತಿ ಹಿಡಿಯುತ್ತದೆ. ಇಂಥ ಹಗ್ಗವನ್ನು ದೃಷ್ಟಿ ತಗುಲದಿರಲೆಂದು ವಾಹನಗಳ ಬಂಪರಿಗೆ ಕಟ್ಟುವುದುಂಟು; ಕೃತಿಯಲ್ಲಿ ಆ ಸಂಬಂಧ ತಿರುಗಿ, ಕಾಯುವ ಕೂದಲೇ ಉಕ್ಕಿನ ಭಾರ ಹೊರುತ್ತದೆ.

ಸಾಮಗ್ರಿ ಕಲಾವಿದನ ಸ್ವಂತ ಬದುಕಿನಿಂದ ಬಂದಾಗ ಇನ್ನೊಂದು ಬಗೆಯ ಅನಿವಾರ್ಯತೆ ಹುಟ್ಟುತ್ತದೆ. ಲಾಸ್ ಏಂಜಲೀಸ್‌ನ ಮಾರ್ಕ್ ಬ್ರಾಡ್‌ಫರ್ಡ್ ತಾಯಿಯ ಕೇಶಾಲಂಕಾರದ ಅಂಗಡಿಯಲ್ಲಿ ದುಡಿದವರು. ಕೂದಲನ್ನು ಸುರುಳಿ ಮಾಡುವಾಗ ತುದಿಗೆ ಸುತ್ತುವ ತೆಳು ಕಾಗದದ ಚೂರುಗಳ ಅಂಚನ್ನು ಸುಟ್ಟು, ಸಾಲುಸಾಲಾಗಿ ಅಂಟಿಸಿದಾಗ ಕ್ಯಾನ್ವಾಸಿನ ಮೇಲೆ ಜಾಲರಿಯೊಂದು ಮೂಡಿತು. ಜಾಲರಿ ಆಧುನಿಕ ಅಮೂರ್ತ ಕಲೆಯ ಅತಿ ಗಂಭೀರ, ಅತಿ ನಿರ್ಲಿಪ್ತ ರೂಪ. ಬ್ರಾಡ್‌ಫರ್ಡ್ ಕೈಯಲ್ಲಿ ಅದಕ್ಕೆ ಕರಿಯ ಹೆಂಗಸರ ತಲೆಗೂದಲಿನ ಸ್ಪರ್ಶ ಬಂತು. ಮುಂದೆ ಅವರು ಬೀದಿಯ ಭಿತ್ತಿಪತ್ರಗಳನ್ನು ಪದರಪದರವಾಗಿ ಅಂಟಿಸಿ, ಉಜ್ಜುವ ಯಂತ್ರದಿಂದ ಕೆರೆದು, ಒಳಪದರಗಳನ್ನು ಹೊರತರುವ ವಿಧಾನಕ್ಕೆ ಹೋದರು.

ಅಮೆರಿಕದ ಕರಿಯ ಕಲಾವಿದೆ ಹಾವರ್ಡೀನಾ ಪಿಂಡೆಲ್ ಅವರ ಕಥೆ ಇನ್ನೂ ಚಿಕ್ಕದು, ಇನ್ನೂ ಚುಚ್ಚುವಂಥದು. 1970ರ ದಶಕದಲ್ಲಿ ಅವರು ಕಾಗದಕ್ಕೆ ತೂತು ಹಾಕುವ ಯಂತ್ರದಿಂದ ಉದುರುವ ಪುಟ್ಟ ಬಿಲ್ಲೆಗಳನ್ನು ಕ್ಯಾನ್ವಾಸಿನ ಮೇಲೆ ಸಾವಿರಗಟ್ಟಲೆ ಚೆಲ್ಲಿ ಅಂಟಿಸಿದರು. ಮೊದಲ ನೋಟಕ್ಕೆ ಅದು ಬರೀ ಬೆಳಕಿನ ಕಂಪನ. ಆದರೆ ವೃತ್ತ ತಮ್ಮನ್ನು ಏಕೆ ಬಿಡುವುದಿಲ್ಲವೆಂದು ಅವರೇ ಹೇಳಿದ್ದಾರೆ: ಬಾಲ್ಯದಲ್ಲಿ ತಂದೆಯೊಡನೆ ಕೆಂಟಕಿಯಲ್ಲಿ ಪ್ರಯಾಣಿಸುವಾಗ ಪಾನೀಯ ಕುಡಿಯಲು ಕೊಟ್ಟ ಲೋಟದ ತಳದಲ್ಲಿ ದೊಡ್ಡ ಕೆಂಪು ವೃತ್ತವಿತ್ತು, ಕರಿಯರಿಗೆ ಮೀಸಲಾದ ಲೋಟವೆಂಬ ಗುರುತು ಅದು. ಇದನ್ನು ತಿಳಿದ ಮೇಲೆ ಆ ಬಿಲ್ಲೆಗಳನ್ನು ಶುದ್ಧ ಜ್ಯಾಮಿತಿಯೆಂದು ನೋಡಲು ನನ್ನಿಂದ ಸಾಧ್ಯವಾಗಿಲ್ಲ.

ಇಷ್ಟು ಹೇಳಿದ ಮೇಲೆ, ಪದಾರ್ಥಕ್ಕೆ ನೆನಪಿದ್ದರೆ ಮಾತ್ರ ಬೆಲೆ ಎಂದು ನಾನು ಭಾವಿಸಿದ್ದೇನೆಂದು ನಿಮಗನ್ನಿಸಬಹುದು. ಹಾಗಲ್ಲ. ಅಮೆರಿಕದ ಕಲಾವಿದೆ ಟಾರಾ ಡೊನೊವನ್ ಆರಿಸಿಕೊಳ್ಳುವುದು ನೆನಪೇ ಇಲ್ಲದ ಸಾಮಗ್ರಿಗಳನ್ನು: ಪ್ಲಾಸ್ಟಿಕ್ ಹೀರುಕೊಳವೆ, ಫೋಮ್ ಲೋಟ, ಹಲ್ಲುಕಡ್ಡಿ, ಗುಂಡುಸೂಜಿ. ಒಂದೊಂದನ್ನೇ ನೋಡಿದರೆ ಅವುಗಳಿಗೆ ಮುಖವಿಲ್ಲ. ಆದರೆ ಪಾರದರ್ಶಕ ಕೊಳವೆಗಳನ್ನು ಲಕ್ಷಗಟ್ಟಲೆ ಗೋಡೆಗೆ ಒತ್ತಿ ಜೋಡಿಸಿದ 2003ರ 'ಹೇಜ್' ಕೃತಿಯ ಮುಂದೆ ಗೋಡೆಯೇ ಮಂಜಾಗಿ ಉಸಿರಾಡುತ್ತಿರುವಂತೆ ತೋರುತ್ತದೆ, ಏಕೆಂದರೆ ಪ್ರತಿ ಕೊಳವೆಯೂ ಬೆಳಕನ್ನು ತನ್ನ ಉದ್ದಕ್ಕೂ ಹಿಡಿದು ಬಾಯಲ್ಲಿ ಬಿಡುತ್ತದೆ. ಹಲ್ಲುಕಡ್ಡಿಗಳ ಘನಾಕೃತಿಗಂತೂ ಅಂಟೇ ಇಲ್ಲ; ಘರ್ಷಣೆ ಮತ್ತು ಗುರುತ್ವವೇ ಅದನ್ನು ನಿಲ್ಲಿಸಿವೆ. ಕೊಳವೆಯ ಬದಲು ಕಡ್ಡಿ ಇಟ್ಟರೆ ಮಂಜು ಹುಟ್ಟದು. ಇಲ್ಲಿ ವಸ್ತು ತನ್ನ ಭೌತಿಕ ಗುಣದಿಂದಲೇ ಪರೀಕ್ಷೆಯನ್ನು ಗೆಲ್ಲುತ್ತದೆ.

ಅಮೆರಿಕದ ಚಿತ್ರಕಾರ ಜ್ಯಾಕ್ ವಿಟನ್ ಇನ್ನೂ ವಿಚಿತ್ರವಾದ ದಾರಿ ಹಿಡಿದರು. ಅವರ ಅಪರೂಪದ ಸಾಮಗ್ರಿ ಬಣ್ಣವೇ. ಅಕ್ರಿಲಿಕ್ ಬಣ್ಣವನ್ನು ಹಾಳೆಯಾಗಿ ಸುರಿದು, ಒಣಗಿಸಿ, ಚಿಕ್ಕ ಬಿಲ್ಲೆಗಳಾಗಿ ಕತ್ತರಿಸಿ, ಆ ಬಿಲ್ಲೆಗಳನ್ನು ಮೊಸಾಯಿಕ್ ಕಲ್ಲಿನಂತೆ ಕ್ಯಾನ್ವಾಸಿಗೆ ಕೂರಿಸಿದರು. ಬಳಿಯುವ ದ್ರವವನ್ನು ಅವರು ಜೋಡಿಸುವ ಘನವಾಗಿಸಿದರು. ಹೊಸ ಪದಾರ್ಥಕ್ಕಾಗಿ ತಿಪ್ಪೆಯನ್ನೇ ಕೆದಕಬೇಕಾಗಿಲ್ಲ, ಕೈಯಲ್ಲಿರುವ ಬಣ್ಣದ ಕೊಳವೆಯೊಳಗೂ ಅದು ಇರಬಹುದು ಎಂಬುದನ್ನು ತರುಣ ಕಲಾವಿದರು ವಿಟನ್ ಅವರಿಂದ ಕಲಿಯಬೇಕೆಂದು ನಾನು ಬಯಸುತ್ತೇನೆ.

ನನ್ನ ಪರೀಕ್ಷೆಗೆ ಒಂದು ತಿರುವುಮುರುವಿನ ರೂಪವೂ ಬೇಕಾಗುತ್ತದೆ. ಕೃತಿಯ ಪಕ್ಕದ ವಿವರಣಾ ಚೀಟಿಯನ್ನು ಮರೆಮಾಡಿ ನೋಡಬೇಕು. ಇತ್ತೀಚಿನ ವರ್ಷಗಳಲ್ಲಿ ನಾನು ಕಂಡ ಎಷ್ಟೋ ಪ್ರದರ್ಶನಗಳಲ್ಲಿ ಸಾಮಗ್ರಿಯ ಕಥೆ ಮನಮುಟ್ಟುವಂತಿರುತ್ತದೆ, ಕೃತಿ ಮಾತ್ರ ಆ ಕಥೆಗೆ ಹಚ್ಚಿದ ಪುರಾವೆಯಾಗಿ ನಿರ್ಜೀವವಾಗಿ ನೇತಾಡುತ್ತಿರುತ್ತದೆ. ಯಾರದೋ ಬಡತನದ, ಯಾರದೋ ಸಾವಿನ ಪದಾರ್ಥವನ್ನು ತಂದು ರೂಪದ ಶ್ರಮವಿಲ್ಲದೆ ಗೋಡೆಗೇರಿಸುವುದನ್ನು ಕಂಡಾಗ ನನಗೆ ನೋವಾಗುತ್ತದೆ, ಏಕೆಂದರೆ ಅಲ್ಲಿ ಆ ಬದುಕಿಗೂ ನ್ಯಾಯ ಸಿಕ್ಕಿಲ್ಲ, ಕಲೆಗೂ ಸಿಕ್ಕಿಲ್ಲ. ಅಮೆರಿಕದ ಕಲಾವಿದ ಥಿಯಾಸ್ಟರ್ ಗೇಟ್ಸ್ ಬಳಕೆ ತಪ್ಪಿದ ಅಗ್ನಿಶಾಮಕ ಕೊಳವೆಗಳನ್ನು ಉದ್ದುದ್ದ ಪಟ್ಟೆಗಳಾಗಿ ಜೋಡಿಸಿದ ಕೃತಿಗಳು ಎರಡೂ ಪರೀಕ್ಷೆಗಳನ್ನು ದಾಟುತ್ತವೆ: ಚೀಟಿಯಿಲ್ಲದೆ ಅವು ಮಾಸಿದ ಬಣ್ಣಗಳ ಘನವಾದ ಪಟ್ಟೆಚಿತ್ರಗಳು, ಚೀಟಿ ಓದಿದ ಮೇಲೆ 1963ರಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ನಾಗರಿಕ ಹಕ್ಕು ಕೇಳಿದ ಮಕ್ಕಳ ಮೇಲೆ ನೀರು ಹಾಯಿಸಿದ ಕೊಳವೆಗಳ ನೆನಪು. ಘಾನಾದ ಇಬ್ರಾಹಿಂ ಮಹಾಮಾ ಹೊಸ ಗೋಣಿಗಳನ್ನು ಕೊಟ್ಟು ಹಳೆಯವನ್ನು ಪಡೆದು, ಕೋಕೋ, ಅಕ್ಕಿ, ಇದ್ದಿಲು ಹೊತ್ತು ಸವೆದ ಆ ಚೀಲಗಳನ್ನು ಹೊಲಿದು ಇಡೀ ಕಟ್ಟಡಗಳನ್ನು ಹೊದಿಸುತ್ತಾರೆ. 2015ರ ವೆನಿಸ್‌ನಲ್ಲಿ ಜನ ಆ ಗೋಣಿಗೋಡೆಗಳ ನಡುವಿನ ಉದ್ದನೆಯ ಓಣಿಯಲ್ಲಿ ನಡೆದರು. ಬುರ್ರಿ ಗೋಣಿಯನ್ನು ಚೌಕಟ್ಟಿನೊಳಗೆ ತಂದ ಅರವತ್ತೈದು ವರ್ಷಗಳ ಬಳಿಕ ಗೋಣಿ ಚೌಕಟ್ಟನ್ನೇ ನುಂಗಿತು.

ಕೊನೆಯಲ್ಲಿ ಸಭೆಯಿಂದ ಬಂದ ಪ್ರಶ್ನೆಯೊಂದನ್ನು ಈ ಬರಹದಲ್ಲಿ ಸೇರಿಸಿಕೊಳ್ಳುತ್ತಿದ್ದೇನೆ: ಇಂಥ ಕೃತಿಗಳು ಬಾಳುತ್ತವೆಯೇ? ಹಲವು ಬಾಳುವುದಿಲ್ಲ. ಇವಾ ಹೆಸ್ಸೆ 1969ರಲ್ಲಿ ತೆಳ್ಳನೆಯ ಬಟ್ಟೆಗೆ ಲೇಟೆಕ್ಸ್, ಅಂದರೆ ರಬ್ಬರಿನ ಹಾಲು ಬಳಿದು, ಫೈಬರ್‌ಗ್ಲಾಸಿನ ಕಂಬಗಳ ನಡುವೆ ತೆರೆಯಂತೆ ಇಳಿಬಿಟ್ಟು 'ಎಕ್ಸ್‌ಪ್ಯಾಂಡೆಡ್ ಎಕ್ಸ್‌ಪ್ಯಾನ್ಶನ್' ರಚಿಸಿದರು. ಅಕಾರ್ಡಿಯನ್ನಿನಂತೆ ಹಿಗ್ಗಿಸಿ ಕುಗ್ಗಿಸಿ ಇಡಬಹುದಾದ ಆ ಕೃತಿಯ ಲೇಟೆಕ್ಸ್ ಆಗ ಮೆದುವಾಗಿತ್ತು, ತಿಳಿಬಣ್ಣದ್ದಾಗಿತ್ತು. ರಬ್ಬರಿನ ಹಾಲಿನ ಉದ್ದನೆಯ ಅಣುಸರಪಳಿಗಳನ್ನು ಗಾಳಿಯ ಆಮ್ಲಜನಕವೂ ಬೆಳಕೂ ಕಡಿಯುತ್ತ, ಒಂದಕ್ಕೊಂದು ಬಿಗಿಯುತ್ತ ಹೋಗುತ್ತವೆ. ಅದು ಕಪ್ಪಾಗುತ್ತದೆ, ಗಡುಸಾಗುತ್ತದೆ, ಮುಟ್ಟಿದರೆ ಚೂರಾಗುತ್ತದೆ. ಹೆಸ್ಸೆಗೆ ಇದು ಗೊತ್ತಿತ್ತು. ಕೊಳ್ಳುವವರ ಬಗ್ಗೆ ಅವರಿಗೆ ಅಳುಕೂ ಇತ್ತು, ಆದರೂ ಆ ಪದಾರ್ಥವನ್ನು ಅವರು ಬಿಡಲಿಲ್ಲ. 1970ರಲ್ಲಿ, 34ನೆಯ ವಯಸ್ಸಿನಲ್ಲಿ, ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಕೃತಿ ದಶಕಗಳ ಕಾಲ ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಮ್ಯೂಸಿಯಂನ ಉಗ್ರಾಣದಲ್ಲಿತ್ತು. ಸಂರಕ್ಷಕರ ದೀರ್ಘ ಕೆಲಸದ ನಂತರ, 35 ವರ್ಷಗಳ ಮೇಲೆ, 2022ರಲ್ಲಿ ಮತ್ತೆ ಜನರ ಮುಂದೆ ನಿಂತಿತು. ಹೊಸದರಂತೆ ಮಾಡುವ ಯತ್ನ ನಡೆಯಲಿಲ್ಲ. ಕಂದುಬಣ್ಣಕ್ಕೆ ತಿರುಗಿ ಗಡುಸಾದ ಮೈಯಲ್ಲಿಯೇ ಅದು ನಿಂತಿತು, ಮತ್ತು ಅದು ಸರಿಯಾದ ನಿರ್ಧಾರವೆಂದು ನಾನು ನಂಬುತ್ತೇನೆ.

ಬಾಳಿಕೆಯ ಪ್ರಶ್ನೆಗೆ ಬೇರೆಯೇ ಬಗೆಯಲ್ಲಿ ಸ್ಪಂದಿಸುವವರು ಜರ್ಮನಿಯ ವೋಲ್ಫ್‌ಗಾಂಗ್ ಲೈಬ್. ಬುರ್ರಿಯಂತೆ ಅವರೂ ವೈದ್ಯಶಾಸ್ತ್ರ ಓದಿ ಬಿಟ್ಟವರು. ತಮ್ಮ ಮನೆಯ ಸುತ್ತಲಿನ ಹೊಲಕಾಡುಗಳಲ್ಲಿ ವಸಂತದಿಂದ ವಸಂತಕ್ಕೆ ಪರಾಗವನ್ನು ಕೈಯಾರೆ ಕೂಡಿಸಿ ಸೀಸೆಗಳಲ್ಲಿ ತುಂಬುತ್ತಾರೆ. ಪ್ರದರ್ಶನದ ನೆಲದ ಮೇಲೆ ತೆಳುಬಟ್ಟೆಯಲ್ಲಿ ಜರಡಿ ಹಿಡಿದು ಹಳದಿಯ ಚೌಕವೊಂದನ್ನು ಹಾಸುತ್ತಾರೆ. 2013ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಹಾಸಿದ ಚೌಕ ಸುಮಾರು 18 ಅಡಿಗೆ 21 ಅಡಿ. ಮುಗಿದ ಮೇಲೆ ಪರಾಗ ಮತ್ತೆ ಸೀಸೆ ಸೇರುತ್ತದೆ. 1975ರಲ್ಲಿ ಅವರು ಮಾಡಿದ ಮೊದಲ 'ಹಾಲುಗಲ್ಲು' ಇನ್ನೂ ಸರಳ: ಬಿಳಿಯ ಅಮೃತಶಿಲೆಯ ಚಪ್ಪಡಿಯ ಮೇಲ್ಮೈಯನ್ನು ಕಂಡೂ ಕಾಣದಷ್ಟು ತಗ್ಗಾಗಿ ಉಜ್ಜಿ, ಅದರ ತುಂಬ ಹಾಲು ಸುರಿಯುತ್ತಾರೆ, ಕಲ್ಲೆಲ್ಲಿ ಮುಗಿಯಿತು ಹಾಲೆಲ್ಲಿ ಆರಂಭವಾಯಿತು ಎಂದು ತಿಳಿಯದ ಹಾಗೆ. ಹಾಲು ಕೆಡುತ್ತದೆ. ಆದ್ದರಿಂದ ಆ ಕಲ್ಲು ಯಾವ ಮ್ಯೂಸಿಯಂಗೆ ಹೋದರೂ, ದಿನದ ಕೊನೆಗೆ ಯಾರಾದರೂ ಬಂದು ಹಾಲನ್ನು ತೆಗೆದು, ಕಲ್ಲನ್ನು ತೊಳೆದು ಒರೆಸುತ್ತಾರೆ. ಮರುದಿನ ಬಾಗಿಲು ತೆರೆಯುವ ಮುನ್ನ ಹೊಸ ಹಾಲು ಸುರಿದು, ಅಂಚಿನವರೆಗೂ ಬೆರಳಿನಿಂದ ನಿಧಾನವಾಗಿ ಹರಡುತ್ತಾರೆ.